ಬದುಕಿದ್ದವರಿಗೆ ಶ್ರದ್ಧಾಂಜಲಿ

ನಮ್ಮ ಸಂಘದವರಷ್ಟು ವಾಕ್ ಸ್ವಾತಂತ್ರ್ಯವನ್ನು ಪ್ರೀತಿಸಿದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ದೂರದ ಯಾವುದೋ ಊರಲ್ಲಿ ಒಬ್ಬ ಕಲಾವಿದನ ಚಿತ್ರವನ್ನು ಯಾರೋ ಹರಿದು ಹಾಕಿದರು ಎಂದು ಪೇಪರಿನಲ್ಲಿ ಬಂದರೆ ಸಾಕು, ಮುಂದಿನ ಭಾನುವಾರವೇ ಕಾರ್ಯಕಾರಿ ಸಮಿತಿ ಸೇರಿ ಖಂಡನೆಯ ಠರಾವು ಪಾಸು ಮಾಡುತ್ತಿತ್ತು. ಠರಾವಿನ ಜೊತೆಗೆ ಹಚ್ಚಿದ ಅವಲಕ್ಕಿ, ಚಹಾ. ಅವಲಕ್ಕಿಗೆ ಖಾರ ಕಡಿಮೆಯಾಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯ ಬಂದದ್ದುಂಟು, ಸ್ವಾತಂತ್ರ್ಯದ ವಿಷಯದಲ್ಲಿ ಎಂದೂ ಬಂದಿರಲಿಲ್ಲ. ಚಿತ್ರ ಹರಿದವರಿಗೆ ನಮ್ಮ ಠರಾವು ಮುಟ್ಟಿತೋ ಇಲ್ಲವೋ ಯಾರೂ ವಿಚಾರಿಸುತ್ತಿರಲಿಲ್ಲ.

ಸಂಘ ಇದ್ದದ್ದು ಹೈದರಾಬಾದಿನ ತಾರ್ನಾಕದಲ್ಲಿ, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ. ಕಲಬುರ್ಗಿ, ಬೀದರ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲೇ ನೆಲೆ ನಿಂತ ಮನೆತನಗಳ ಹಿರಿಯರು ಕಟ್ಟಿದ್ದು. ನಮ್ಮ ಅಜ್ಜನೂ ಅವರಲ್ಲಿ ಒಬ್ಬ. ಮುಂದೆ ಸಭಾಂಗಣ, ಹಿಂದೆ ಸಾಲಾಗಿ ನಾಲ್ಕು ಕೋಣೆ. ಆ ಕೋಣೆಗಳಲ್ಲಿ ಕನ್ನಡ ಪ್ರಾಥಮಿಕ ಶಾಲೆ. ನಾನು ಅಕ್ಷರ ಕಲಿತದ್ದು ಅಲ್ಲೇ. ಆಮೇಲಾಮೇಲೆ ಸದಸ್ಯರೆಲ್ಲ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಹಾಕಿದರು, ಮನೆಯಲ್ಲಿ ತೆಲುಗು ಟಿವಿ ನೋಡಿದರು, ಬೀದಿಯಲ್ಲಿ ಹಿಂದಿ ಮಾತಾಡಿದರು. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಮಾತ್ರ ತಪ್ಪದೆ ಸೇರಿ ಕನ್ನಡ ಶಾಲೆಯ ಸಲುವಾಗಿ ಕಣ್ಣೀರು ಹಾಕುತ್ತಿದ್ದರು.

ಹಾಗೆ ನೋಡಿದರೆ ಶಾಲೆ ಮಕ್ಕಳಿಲ್ಲದೆ ತಾನಾಗಿಯೇ ನಿಂತುಹೋಗಬೇಕಾಗಿತ್ತು. ಆದರೆ ಐಟಿ ಬಂತು. ನಗರದ ಸುತ್ತ ಗಾಜಿನ ಕಟ್ಟಡಗಳು ಏಳತೊಡಗಿದವು. ಅವುಗಳಲ್ಲಿ ಕೆಲಸ ಮಾಡುವವರಿಗೆ ಅಪಾರ್ಟ್‌ಮೆಂಟುಗಳು ಎದ್ದವು. ಇವನ್ನೆಲ್ಲ ಕಟ್ಟಲು ರಾಯಚೂರು, ಯಾದಗಿರಿ, ಕಲಬುರ್ಗಿಯ ಹಳ್ಳಿಗಳಿಂದ ಜನ ಬಂದರು. ಉಪ್ಪಲ್ ಕಡೆ ಹೋದರೆ ತಗಡಿನ ಗುಡಿಸಲುಗಳ ಸಾಲು ಕಾಣುತ್ತಿತ್ತು. ಅಪ್ಪ ಅವ್ವ ಇಬ್ಬರೂ ಇಟ್ಟಿಗೆ ಸಿಮೆಂಟು ಹೊರಲು ಹೋದರೆ ಮಕ್ಕಳು ದಿನವಿಡೀ ಮರಳಿನ ಗುಡ್ಡೆಯ ಮೇಲೆ. ಸರ್ಕಾರಿ ತೆಲುಗು ಶಾಲೆಗೆ ಹೋದರೆ ಅವಕ್ಕೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕನ್ನಡದ ಶಾಲೆಯೊಂದಿದೆ ಎಂಬ ಸುದ್ದಿ ಗುಡಿಸಲಿಂದ ಗುಡಿಸಲಿಗೆ ಹಬ್ಬಿ ನಮ್ಮ ನಾಲ್ಕೂ ಕೋಣೆ ತುಂಬಿಹೋದವು.

ಸುದ್ದಿ ಹಬ್ಬಿಸಿದವರು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಹಾಗೇ ಕರೆಯುವುದು. ಶಹಾಪುರದ ಕಡೆಯವರು, ಗಂಡ ತೀರಿಕೊಂಡ ಮೇಲೆ ಈ ಊರಿಗೆ ಬಂದು ನಮ್ಮ ಶಾಲೆಗೆ ಸೇರಿದ್ದರು. ಗುಡಿಸಲುಗಳ ಹತ್ತಿರವೇ ಬಾಡಿಗೆ ಕೋಣೆ ಹಿಡಿದು, ಬೆಳಿಗ್ಗೆ ಮಕ್ಕಳನ್ನೆಲ್ಲ ಗುಂಪು ಮಾಡಿ ಸಿಟಿ ಬಸ್ಸಿಗೆ ಹತ್ತಿಸಿ ತರುತ್ತಿದ್ದರು. ಕಂಡಕ್ಟರನ ಜೊತೆ ದಿನಾ ಜಗಳ. ಬಾಯಿ ಜೋರು, ಹಟ ಅದಕ್ಕಿಂತ ಜೋರು. ಸಂಘದ ಹೆಂಗಸರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಯಾಕೆಂದರೆ ಸಭಾಂಗಣದ ಕಕ್ಕಸನ್ನು ಕೂಲಿಯವರ ಮಕ್ಕಳು ಬಳಸದಂತೆ ಬೀಗ ಹಾಕಿಸಿದಾಗ ಅಕ್ಕೋರು ಆ ಬೀಗವನ್ನು ಕಲ್ಲಿನಿಂದ ಒಡೆದಿದ್ದರು.

ಸಂಘದ ಅಧ್ಯಕ್ಷರನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದು ಕರೆದವಳು. ರಕ್ತಸಂಬಂಧವೇನಿಲ್ಲ, ನಮ್ಮಪ್ಪನ ಸ್ನೇಹಿತರು ಅಷ್ಟೆ. ಸರ್ಕಾರದಲ್ಲಿ ದೊಡ್ಡ ಹುದ್ದೆ ಮಾಡಿ ನಿವೃತ್ತರಾದವರು. ರೇಷ್ಮೆ ಜುಬ್ಬಾ, ಹೆಗಲ ಮೇಲೆ ಶಾಲು, ಕೈಗೆ ಮೈಕು ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಪ್ರತಿ ಗಣರಾಜ್ಯೋತ್ಸವಕ್ಕೂ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ ಹತ್ತೊಂಬತ್ತನೆಯ ವಿಧಿಯ ಮೇಲೆ ಅವರ ಭಾಷಣ ಕಾಯಂ. ಅದನ್ನು ಕೇಳಿಯೇ ನಾನು ವಕೀಲಳಾದೆ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನಾನು ವಕೀಲಳಾದದ್ದು ಬ್ಯಾಂಕ್ ಪರೀಕ್ಷೆ ಪಾಸಾಗದೆ. ಆದರೂ ಹಿರಿಯರ ಸಂತೋಷಕ್ಕೆ ಯಾಕೆ ಅಡ್ಡ ಬರಬೇಕೆಂದು ಸುಮ್ಮನಿರುತ್ತಿದ್ದೆ.

ಒಂದು ವಾರ್ಷಿಕೋತ್ಸವದಲ್ಲಿ ಕಾಕಾ ಎದೆ ಮುಟ್ಟಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಈ ದೇಹದಲ್ಲಿ ಉಸಿರಿರುವ ತನಕ ಈ ಶಾಲೆಯ ಬಾಗಿಲು ಮುಚ್ಚಲು ನಾನು ಬಿಡುವುದಿಲ್ಲ.’ ಜನ ಚಪ್ಪಾಳೆ ತಟ್ಟಿದರು. ನೆಲದ ಮೇಲೆ ಕುಳಿತಿದ್ದ ಮಕ್ಕಳೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಕ್ಕೋರು. ಪಾಪ, ಅವರು ಅದನ್ನು ನಂಬಿಬಿಟ್ಟಿದ್ದರು.

ಮುಂದಿನ ವರ್ಷವೇ ಒಂದು ಕಂಪ್ಯೂಟರ್ ತರಬೇತಿ ಕಂಪನಿ ಸಂಘದ ಹಿಂದಿನ ಕೋಣೆಗಳನ್ನು ಬಾಡಿಗೆಗೆ ಕೇಳಿತು. ಆಗ ತಾರ್ನಾಕದಲ್ಲಿ ಗ್ಯಾರೇಜು ಖಾಲಿಯಿದ್ದರೂ ಯಾರೋ ಬಂದು ಅದರಲ್ಲಿ ಕಂಪ್ಯೂಟರು ಇಟ್ಟು ಕೋರ್ಸು ಶುರು ಮಾಡುತ್ತಿದ್ದ ಕಾಲ. ಸಮಿತಿಗೆ ತಲೆ ತಿರುಗಿತು. ಸಭಾಂಗಣಕ್ಕೆ ಏಸಿ ಹಾಕಿಸಬಹುದು, ಅಧ್ಯಕ್ಷರ ಕೋಣೆಗೆ ಸೋಫಾ ತರಬಹುದು, ಊರಿಂದ ಕಲಾವಿದರನ್ನು ಕರೆಸಿ ಕನ್ನಡ ಉಳಿಸಬಹುದು. ಶಾಲೆಯನ್ನು ‘ತಾತ್ಕಾಲಿಕವಾಗಿ ಸ್ಥಳಾಂತರಿಸುವುದು’ ಎಂದು ಠರಾವಾಯಿತು. ಎಲ್ಲಿಗೆ ಎಂದು ಠರಾವಿನಲ್ಲಿ ಇರಲಿಲ್ಲ. ಬೇಸಿಗೆ ರಜೆಗೆಂದು ಮುಚ್ಚಿದ ಬಾಗಿಲು ಜೂನಿನಲ್ಲಿ ತೆರೆಯಲಿಲ್ಲ. ಕರಿಹಲಗೆಗಳನ್ನು ಕಿತ್ತು ಗೋಡೆಗೆ ಒರಗಿಸಿಟ್ಟು ಒಳಗೆ ಗಾಜಿನ ಕ್ಯಾಬಿನ್ ಮಾಡಲು ಬಡಗಿಗಳು ಬಂದರು.

ಅಕ್ಕೋರು ಮೊದಲು ಮಾಡಿದ್ದೆಲ್ಲ ಮರ್ಯಾದಸ್ಥರು ಮಾಡುವಂಥದ್ದೇ. ಅರ್ಜಿ ಕೊಟ್ಟರು. ಅದಕ್ಕೆ ಉತ್ತರ ಬರಲಿಲ್ಲ. ಗುಡಿಸಲಿನ ತಾಯಂದಿರ ಹೆಬ್ಬೆಟ್ಟು ಒತ್ತಿಸಿ ಇನ್ನೊಂದು ಕೊಟ್ಟರು. ಕಾಕಾ ‘ಪರಿಶೀಲಿಸೋಣ’ ಎಂದರು. ಕೊನೆಗೆ ಸಮಿತಿಯ ಸಭೆಗೇ ಬಂದು ಎದ್ದು ನಿಂತರು.

‘ಅಧ್ಯಕ್ಷರ, ನಂದೊಂದು ಮಾತೈತ್ರಿ.’

ಕಾಕಾ ಕನ್ನಡಕ ತೆಗೆದು, ಮೇಜಿನ ಮೇಲಿದ್ದ ನಿಯಮಾವಳಿಯ ಪುಸ್ತಕ ತಿರುವಿದರು. ಸದಸ್ಯರಲ್ಲದವರಿಗೆ ಸಭೆಯಲ್ಲಿ ಮಾತಾಡುವ ಅಧಿಕಾರವಿಲ್ಲ ಎಂದು ಓದಿ ಹೇಳಿದರು. ಸಂಬಳದ ಮೇಲಿರುವವರು ಸದಸ್ಯರಾಗುವಂತಿಲ್ಲ ಎಂಬ ಇನ್ನೊಂದು ನಿಯಮವನ್ನೂ ಓದಿದರು. ಆ ದಿನದ ಮುಂದಿನ ವಿಷಯ ಯಾವುದೋ ಊರಿನಲ್ಲಿ ನಾಟಕವೊಂದನ್ನು ತಡೆದದ್ದಕ್ಕೆ ಖಂಡನೆ. ಅಕ್ಕೋರು ಬಾಗಿಲ ಹೊರಗೆ ನಿಂತಿರುವಾಗಲೇ ಅದು ಸರ್ವಾನುಮತದಿಂದ ಪಾಸಾಯಿತು. ಅಜ್ಜನ ಕಾಲದಿಂದ ಬಂದ ಸದಸ್ಯತ್ವ ನನ್ನದು, ನಾನೂ ಅಲ್ಲೇ ಕೂತಿದ್ದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಹಾಲು ತರಲು ಹೋದವಳು ಸಂಘದ ಗೇಟಿನ ಮುಂದೆ ಗುಂಪು ನೋಡಿ ನಿಂತೆ. ಗೇಟಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿತ್ತು. ಅದರಲ್ಲಿ ಕಾಕಾ ನಗುತ್ತಿದ್ದರು. ಹಿಂದಿನ ವರ್ಷ ಅವರಿಗೆ ಸನ್ಮಾನವಾದಾಗ ತೆಗೆಸಿದ ಫೋಟೋ. ಅದಕ್ಕೆ ಗಂಧದ ಹಾರ ಹಾಕಿತ್ತು. ಕೆಳಗೆ ಸ್ಟೀಲಿನ ತಾಟಿನಲ್ಲಿ ಅಕ್ಕಿ, ಅಕ್ಕಿಯ ಮೇಲೆ ಉರಿಯುವ ದೀಪ, ಪಕ್ಕದಲ್ಲಿ ಊದಿನಕಡ್ಡಿ. ಫ್ಲೆಕ್ಸಿನ ಮೇಲೆ ಕನ್ನಡದಲ್ಲಿ ಹೀಗಿತ್ತು:

‘ಭಾವಪೂರ್ಣ ಶ್ರದ್ಧಾಂಜಲಿ. ಉಸಿರಿರುವ ತನಕ ಶಾಲೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ ಎಂದಿದ್ದ ನಮ್ಮ ಅಧ್ಯಕ್ಷರು ನುಡಿದಂತೆ ನಡೆದರು. ಶಾಲೆ ಮುಚ್ಚುವ ಮೊದಲೇ ನಮ್ಮನ್ನು ಅಗಲಿದರು. ಕನ್ನಡದ ಕಣ್ಮಣಿಗೆ ಶಾಲೆಯ ಮಕ್ಕಳ ನಮನ.’

ನಮ್ಮವರ ಒಂದು ಗುಣ ಇಲ್ಲಿ ಹೇಳಲೇಬೇಕು. ಶ್ರದ್ಧಾಂಜಲಿಯ ಫ್ಲೆಕ್ಸನ್ನು ಯಾರೂ ಪೂರ್ತಿ ಓದುವುದಿಲ್ಲ. ಫೋಟೋ, ಹಾರ, ದೀಪ ಕಂಡರೆ ಮುಗಿಯಿತು, ‘ಅಯ್ಯೋ, ನಿನ್ನೆ ಚೊಲೋ ಇದ್ರಲ್ಲ’ ಎಂದು ಮೊಬೈಲು ತೆಗೆಯುತ್ತಾರೆ. ಹೊಸದಾಗಿ ಎಲ್ಲರ ಕೈಗೂ ಮೊಬೈಲು ಬಂದಿತ್ತು, ಅದಕ್ಕೊಂದು ಕೆಲಸವೂ ಬೇಕಾಗಿತ್ತು. ತಿಂಡಿಯ ಹೊತ್ತಿಗೆ ಸುದ್ದಿ ಕಲಬುರ್ಗಿ ಮುಟ್ಟಿತು. ಸಂಘದ ಖಜಾಂಚಿಯವರು ನಗರದ ಆ ತುದಿಯ ಮಣಿಕೊಂಡದ ಹೊಸ ಫ್ಲ್ಯಾಟಿನಿಂದ ಗುಲಾಬಿಯ ಹಾರ ಹಿಡಿದು ಆಟೋದಲ್ಲಿ ಓಡಿ ಬಂದರು. ಕಾಕಾ ತಮ್ಮ ಮನೆಯ ಪಡಸಾಲೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಪೇಪರು ಓದುತ್ತಿದ್ದರು. ಖಜಾಂಚಿಯವರು ಹಾರವನ್ನು ಬೆನ್ನ ಹಿಂದೆ ಅಡಗಿಸಿ, ಏನು ಹೇಳಬೇಕೋ ತಿಳಿಯದೆ, ‘ಆರೋಗ್ಯ ಹೆಂಗದರಿ?’ ಎಂದು ಕೇಳಿದರಂತೆ. ಕೊನೆಗೆ ಆ ಹಾರವನ್ನು ಅವರ ಕೊರಳಿಗೇ ಹಾಕಿದರು ಎಂದೂ ಹೇಳುತ್ತಾರೆ. ನಾನು ಕಣ್ಣಾರೆ ಕಂಡಿಲ್ಲ, ಆದರೆ ಅವರು ಅಂಥವರೇ.

ಇದು ಅಕ್ಕೋರ ಕೆಲಸವೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಧ್ಯಾಹ್ನದವರೆಗೆ ನಕ್ಕೆ. ಆಮೇಲೆ ಕಾಕೂ ಬಂದರು, ಕಾಕಾನ ಹೆಂಡತಿ. ಅವರು ಎಲ್ಲಿಗೂ ಒಬ್ಬರೇ ಹೋಗುವವರಲ್ಲ. ಅಂದು ಬಿಸಿಲಲ್ಲಿ ಒಬ್ಬರೇ ಬಂದು ನಮ್ಮ ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು.

‘ಮುಂಜಾನಿಂದ ಫೋನ್ ಬರ್ಲಿಕತ್ತಾವ ನೋಡು. ನನ್ನ ತವರಮನಿಯವರು ಬಸ್ಸು ಹತ್ತಿ ಬಿಟ್ಟಾರ. ಹಾಲಿನಾಂವ ಬಂದು ಹಾಲು ಹಾಕೂದು ಬಿಟ್ಟು ನನ್ನ ಹಣಿ ನೋಡಿದ, ಕುಂಕುಮ ಅದನೋ ಇಲ್ಲೋ ಅಂತ.’

ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೇಳಿದರು. ‘ಅವರು ಸಾಲಿ ಮುಚ್ಚ್ಯಾರ, ಖರೆ. ನಾ ಏನ್ ಮಾಡಿದ್ದೆ?’

ನನ್ನ ನಗು ಅಲ್ಲಿಗೆ ನಿಂತಿತು. ಅದು ಹೊಲಸು ಕೆಲಸವೇ. ಅದನ್ನು ಈಗಲೂ ಬೇರೆ ಹೆಸರಿನಿಂದ ಕರೆಯಲಾರೆ. ಮುತ್ತೈದೆಯ ಮನೆ ಬಾಗಿಲಿಗೆ ಸಾವಿನ ಸುದ್ದಿ ಕಳಿಸುವುದು ನಮ್ಮಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಅಕ್ಕೋರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ಆದರೆ ಆ ಸಂಜೆಯ ತುರ್ತು ಸಭೆಗೆ ಹೋದ ಮೇಲೆ ಸಿಟ್ಟಿನ ದಿಕ್ಕು ಬದಲಾಯಿತು. ಕಾಕೂ ಅನುಭವಿಸಿದ ಸಂಕಟದ ಬಗ್ಗೆ ಅಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಸಂಘದ ಪ್ರತಿಷ್ಠೆ, ಕಂಪನಿಯವರು ಏನು ತಿಳಿದುಕೊಂಡಾರು, ಇದೇ ಮಾತು. ಸ್ವಾತಂತ್ರ್ಯಕ್ಕೂ ಒಂದು ಮಿತಿ ಬೇಕೆಂದು ಒಬ್ಬರು ಹೇಳಿದರು. ಪ್ರತಿಭಟನೆ ಸಭ್ಯವಾಗಿರಬೇಕೆಂದು ಇನ್ನೊಬ್ಬರು. ಸಭ್ಯವಾಗಿ ಕೊಟ್ಟ ಅರ್ಜಿಗಳು ಎಲ್ಲಿ ಹೋದವು ಎಂದು ನಾನು ಕೇಳಿದೆ. ಅದು ಬೇರೆ ವಿಷಯ ಎಂದರು. ಹತ್ತೊಂಬತ್ತನೆಯ ವಿಧಿಯ ಭಾಷಣಕಾರರು ಮೂಲೆಯ ಕುರ್ಚಿಯಲ್ಲಿ ಮುಖ ಊದಿಸಿ ಕೂತಿದ್ದರು. ನನ್ನನ್ನು ನೋಡಿ, ‘ಆ ವಿಧಿಯ ಎರಡನೇ ಭಾಗ ಓದು, ನಿರ್ಬಂಧಗಳು ಅಲ್ಲೇ ಅದಾವ’ ಎಂದರು. ಅಷ್ಟು ವರ್ಷ ಭಾಷಣ ಕೇಳಿದ್ದೆ, ಎರಡನೇ ಭಾಗವನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಕಾಕಾ ಮತ್ತು ಖಜಾಂಚಿಯವರು ದೂರು ಕೊಡಲು ಹೋದಾಗ ಪೊಲೀಸು ಠಾಣೆಯಲ್ಲಿ ಇನ್ಸ್‌ಪೆಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಫ್ಲೆಕ್ಸಿನಲ್ಲಿ ಏನು ಬರೆದಿದೆ ಎಂದು ತೆಲುಗಿನಲ್ಲಿ ಕೇಳಿದರು. ಖಜಾಂಚಿಯವರು ಅನುವಾದ ಮಾಡಿದರು. ‘ಎಲ್ಲಾ ಒಳ್ಳೆಯದನ್ನೇ ಬರೆದಿದ್ದಾರಲ್ಲ’ ಎಂದರು ಇನ್ಸ್‌ಪೆಕ್ಟರು. ಮಾನಹಾನಿಯಾಗಿದ್ದರೆ ನೇರವಾಗಿ ಕೋರ್ಟಿಗೆ ಹೋಗಿ, ಅದು ನಮ್ಮ ಕೆಲಸವಲ್ಲ ಎಂದು ಚಹಾ ಕುಡಿಸಿ ಕಳಿಸಿದರು. ಕಾಕಾ ಕೋರ್ಟಿಗೆ ಹೋದರು. ಮಾನಹಾನಿ ಒಂದು, ಜೀವ ಬೆದರಿಕೆ ಇನ್ನೊಂದು. ತಪ್ಪು ಸಾಬೀತಾದರೆ ಜೈಲೂ ಆಗಬಹುದಾದ ಆರೋಪಗಳು. ಜೈಲು ಕಂಡ ಟೀಚರನ್ನು ಆಮೇಲೆ ಯಾವ ಶಾಲೆಯೂ ಹತ್ತಿರ ಸೇರಿಸುವುದಿಲ್ಲ ಎಂಬುದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು.

ಸಮನ್ಸ್ ಹಿಡಿದು ಅಕ್ಕೋರು ನಮ್ಮ ಮನೆಗೆ ಬಂದರು. ಕೂಡಿಸುವ ಮೊದಲೇ ನಾನು ಬೈದೆ. ಹಾಲಿನವನ ವಿಷಯವನ್ನೂ ಹೇಳಿದೆ. ಜೋರು ಬಾಯಿಯ ಅಕ್ಕೋರು ತಲೆ ತಗ್ಗಿಸಿದರು.

‘ಹಾರ ತರಾಕ ಅಂಗಡಿಗೆ ಹೋದಾಗ, ಅಂಗಡ್ಯಾಂವ ನನ್ನ ಮುಖ ನೋಡಿ ತಾನಾಗೇ ಅಳತಿ ಹೇಳಿದನ್ರಿ. ನಮ್ಮನಿಯವರ ಫೋಟೋಕ್ಕ ವರ್ಷಾ ಅವನ ಕಡೇನ ತರ್ತೀನಿ. ಆವಾಗರ ನನಗ ಅಧ್ಯಕ್ಷರ ಮನಿ ಅವ್ವಾರ ನೆನಪು ಆಗಬೇಕಿತ್ತು. ಆಗಲಿಲ್ಲ. ಅಧ್ಯಕ್ಷರು ಹೇಳಿದ ಮಾತೊಂದ ತಲ್ಯಾಗಿತ್ತು.’

‘ಕಾಕಾನ ಹತ್ತಿರ ಕ್ಷಮೆ ಕೇಳಿದರೆ ಕೇಸು ವಾಪಸು ತಗೊಳ್ತಾರಂತ. ಬರೆದು ಕೊಡಬೇಕು, ಸಭೆಯಲ್ಲಿ ಓದಬೇಕು’ ಎಂದೆ. ಹಾಗೆಂದು ಕಾಕಾನ ವಕೀಲರು ಆಗಲೇ ನನಗೆ ಹೇಳಿ ಕಳಿಸಿದ್ದರು.

‘ಓದಿದ್ರ ಸಾಲಿ ತಗೀತಾರೇನ್ರಿ?’

‘ಇಲ್ಲ.’

‘ಮತ್ತ ಯಾಕ ಓದಲ್ರಿ? ಅವ್ವಾರ ಕಡೆ ಹೋಗ್ತೀನಿ. ಅವರಿಗೆ ನನ್ನಿಂದ ನೋವಾಗೈತಿ, ಅವರ ಕಾಲು ಹಿಡೀತೀನಿ. ಅಧ್ಯಕ್ಷರಿಗೇನಾಗೈತ್ರಿ? ಅವರು ಹೇಳಿದ ಮಾತ ಅವರಿಗೆ ತಿರುಗಿ ಹೇಳೀನಿ.’

ಮರುದಿನ ಕಾಕಾ ವಾಕಿಂಗಿಗೆ ಹೋದ ಹೊತ್ತು ನೋಡಿ ಅಕ್ಕೋರು ಅವರ ಮನೆಗೆ ಹೋದರು. ಜೊತೆಗೆ ನಾನೂ ಹೋದೆ. ಕಾಲು ಹಿಡಿಯಲು ಬಗ್ಗಿದವರನ್ನು ಕಾಕೂ ಎಬ್ಬಿಸಿ ಒಳಗೆ ಕೂಡಿಸಿ ಮಜ್ಜಿಗೆ ಕೊಟ್ಟರು. ಹೆಚ್ಚು ಮಾತಾಗಲಿಲ್ಲ. ಹೊರಡುವಾಗ ಕಾಕೂ ಒಂದು ಮಾತು ಹೇಳಿದರು. ಕಾಕಾ ಮನೆಯಲ್ಲಿ ದೊಡ್ಡ ಹೋಮ ಮಾಡಿಸಬೇಕೆಂದು ಆಚಾರ್ಯರನ್ನು ಕರೆಸಿದ್ದರಂತೆ. ಆಚಾರ್ಯರು ನಕ್ಕು, ಬದುಕಿದ್ದವರ ಸಾವಿನ ಸುಳ್ಳು ಸುದ್ದಿ ಹುಟ್ಟಿದರೆ ಆಯುಷ್ಯ ಹೆಚ್ಚುತ್ತದೆ, ಹೋಮದ ಖರ್ಚು ಯಾಕೆ ಎಂದು ಎದ್ದು ಹೋದರಂತೆ. ಈ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ‘ಇದನ್ನ ಎಲ್ಲ್ಯಾದರೂ ಉಪಯೋಗ ಮಾಡ್ಕೋ’ ಎಂದು ಕಾಕೂ ಮೆಲ್ಲಗೆ ನನಗೆ ಹೇಳಿ ಬಾಗಿಲು ಹಾಕಿಕೊಂಡರು.

ಅಕ್ಕೋರ ವಕಾಲತ್ತನ್ನು ನಾನೇ ವಹಿಸಿಕೊಂಡೆ. ಕೇಸು ಎಳೆಯಿತು. ಕೋರ್ಟಿನ ವಾಯಿದೆಗಳು ಹೇಗಿರುತ್ತವೆ ಎಂದು ಈ ದೇಶದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಪ್ರತಿ ವಾಯಿದೆಗೂ ಅಕ್ಕೋರು ಒಂದೇ ಪ್ರಶ್ನೆ ಕೇಳುತ್ತಿದ್ದರು, ಸಾಲಿ ತಗಿಸುವ ವಿಷಯ ಇವತ್ತು ಬರುತ್ತದೆಯೇ ಎಂದು. ನಾನು ಮೊದಲು ಈ ಕೇಸು ಗೆಲ್ಲೋಣ, ಆಮೇಲೆ ನೋಡೋಣ ಎನ್ನುತ್ತಿದ್ದೆ. ಈ ನಡುವೆ ಸಂಘದ ಹೆಂಗಸರು ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವುದು ಬಿಟ್ಟರು. ಅದರಿಂದ ನನ್ನ ಸಂಜೆಗಳು ಉಳಿದವು.

ಕೊನೆಗೆ ಕಾಕಾ ಸಾಕ್ಷಿ ಕಟ್ಟೆ ಹತ್ತಿದ ದಿನ ಬಂತು. ಅದೇ ರೇಷ್ಮೆ ಜುಬ್ಬಾ, ಅದೇ ಶಾಲು. ಮ್ಯಾಜಿಸ್ಟ್ರೇಟರು ತೆಲುಗಿನವರು, ಕಡಿಮೆ ಮಾತಿನವರು. ಫ್ಲೆಕ್ಸಿನ ಇಂಗ್ಲಿಷ್ ಅನುವಾದ ಅವರ ಮುಂದಿತ್ತು. ನಾನು ಒಂದೊಂದೇ ಸಾಲು ಹಿಡಿದು ಪಾಟೀ ಸವಾಲು ಶುರು ಮಾಡಿದೆ.

‘ಇದರಲ್ಲಿ ನಿಮ್ಮನ್ನು ಕನ್ನಡದ ಕಣ್ಮಣಿ ಎಂದಿದ್ದಾರೆ. ಇದು ಸುಳ್ಳೇ?’

ಕಾಕಾ ತಡವರಿಸಿದರು. ಸುಳ್ಳು ಎನ್ನಲು ಬಾಯಿ ಬರಲಿಲ್ಲ. ‘ಅಲ್ಲ’ ಎಂದರು.

‘ನುಡಿದಂತೆ ನಡೆದವರು ಎಂದಿದ್ದಾರೆ. ಇದರಿಂದ ನಿಮ್ಮ ಮಾನ ಹೋಯಿತೇ?’

ಅವರ ವಕೀಲರು ಆಕ್ಷೇಪಣೆ ಎಂದು ಎದ್ದರು. ಮ್ಯಾಜಿಸ್ಟ್ರೇಟರು ಉತ್ತರ ಹೇಳಿ ಎಂದರು. ಕಾಕಾ ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡರು.

‘ಉಸಿರಿರುವ ತನಕ ಶಾಲೆ ಮುಚ್ಚಲು ಬಿಡುವುದಿಲ್ಲ ಎಂದು ನೀವು ಸಭೆಯಲ್ಲಿ ಹೇಳಿದ್ದು ನಿಜವೇ?’

‘ಅದು ಭಾಷಣ.’

‘ನಿಜವೇ?’

‘ಹೇಳಿದ್ದೆ.’

‘ಈಗ ಶಾಲೆ ತೆರೆದಿದೆಯೇ?’

‘ತಾತ್ಕಾಲಿಕವಾಗಿ...’

‘ತೆರೆದಿದೆಯೇ?’

‘ಇಲ್ಲ.’

‘ಈ ಫ್ಲೆಕ್ಸ್ ನೋಡಿ ನಿಮ್ಮ ಜೀವಕ್ಕೆ ಅಪಾಯವಿದೆ ಎಂದು ಭಯವಾಯಿತು ಎಂದಿದ್ದೀರಿ. ಇದರಿಂದ ನಿಮ್ಮ ಆಯುಷ್ಯ ಹೆಚ್ಚುತ್ತದೆ ಎಂದು ನಿಮ್ಮ ಮನೆಯ ಆಚಾರ್ಯರೇ ನಿಮಗೆ ಹೇಳಿದ್ದು ಹೌದೇ ಅಲ್ಲವೇ?’

ಮುಂದಿನ ಬೆಂಚಿನ ವಕೀಲರು ನಕ್ಕರು. ಮ್ಯಾಜಿಸ್ಟ್ರೇಟರೂ ಕಡತದ ಹಿಂದೆ ಮುಖ ಮುಚ್ಚಿಕೊಂಡರು. ಕಾಕಾ ನನ್ನನ್ನು ನೋಡಿದ ನೋಟದಲ್ಲಿ ಇವಳಿಗೆ ಇದನ್ನು ಹೇಳಿದವರು ಯಾರು ಎಂಬ ಪ್ರಶ್ನೆಯಿತ್ತು. ಅದಕ್ಕೆ ಉತ್ತರ ಅವರಿಗೆ ಸಾಯುವ ತನಕ ಸಿಗಲಿಲ್ಲ. ಆಚಾರ್ಯರು ಹೇಳಿದಂತೆ ಅವರು ಬಹಳ ವರ್ಷ ಬದುಕಿದರು ಕೂಡ.

ನನ್ನ ವಾದ ಉದ್ದವಾಗಿತ್ತು. ಮೆಚ್ಚಿಕೆಯಾಗುವ ಮಾತಿಗೆ ರಕ್ಷಣೆ ಯಾಕೆ ಬೇಕು, ಅದನ್ನು ಯಾರೂ ತಡೆಯುವುದಿಲ್ಲ ಎಂದೆ. ಅಸಹ್ಯವಾಗುವ, ಮೈ ಉರಿಸುವ ಪ್ರತಿಭಟನೆಯ ಹತ್ತಿರ ಬಂದಾಗಲೇ ಸಂವಿಧಾನಕ್ಕೆ ಕೆಲಸ ಶುರುವಾಗುವುದು ಎಂದೆ. ಈ ಫ್ಲೆಕ್ಸ್ ನನಗೂ ಇಷ್ಟವಾಗಲಿಲ್ಲ, ಆದರೆ ಇಷ್ಟವಾಗದ್ದೆಲ್ಲ ಅಪರಾಧವಲ್ಲ ಎಂದೆ. ನಾನು ಅಷ್ಟು ಚೆನ್ನಾಗಿ ಮಾತಾಡಿದ್ದು ಮೊದಲೂ ಇಲ್ಲ, ಆಮೇಲೂ ಇಲ್ಲ. ಹೊರಗೆ ಬಂದಾಗ ಬೇರೆ ಕೋರ್ಟಿನ ವಕೀಲರು ಕೈ ಕುಲುಕಿದರು. ಅವರಲ್ಲಿ ಒಬ್ಬರ ಮನೆಯ ಕಾಂಪೌಂಡಿಗೆ ಯಾರೋ ಪೋಸ್ಟರ್ ಅಂಟಿಸಿದ್ದಕ್ಕೆ ಅವರು ಹುಡುಗರನ್ನು ಠಾಣೆಗೆ ಎಳೆಸಿದ್ದು ನನಗೆ ಗೊತ್ತಿತ್ತು. ಆದರೂ ಕೈ ಕುಲುಕಿಸಿಕೊಂಡೆ. ಹೊಗಳಿಕೆ ಬಂದಾಗ ನಾನೂ ಯಾರಿಂದ ಬಂತೆಂದು ನೋಡುವವಳಲ್ಲ.

ತೀರ್ಪು ಬಂದ ದಿನ ಅಕ್ಕೋರು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಓದಿ ಎದ್ದು ಹೋದರು. ಬಿಡುಗಡೆ. ನನಗೆ ಕುಣಿಯಬೇಕೆನ್ನಿಸಿತು. ಅವರನ್ನು ಕೋರ್ಟಿನ ಹೊರಗಿನ ಚಹಾದಂಗಡಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂಡಿಸಿ ತೀರ್ಪನ್ನು ಬಿಡಿಸಿ ಹೇಳಿದೆ. ಬಹಿರಂಗವಾಗಿ ಮಾತು ಕೊಟ್ಟವನಿಗೆ ಆ ಮಾತನ್ನು ಬಹಿರಂಗವಾಗಿಯೇ ನೆನಪಿಸಬಹುದು ಎಂದಿದ್ದಾರೆ ಎಂದೆ. ರೀತಿ ಒರಟಾಗಿದ್ದರೂ, ನೋಡಿದವರಿಗೆ ನೋವಾದರೂ, ಅದು ನಿಮ್ಮ ಹಕ್ಕು ಎಂದಿದ್ದಾರೆ ಎಂದೆ. ಬೆದರಿಕೆಯೂ ಅಲ್ಲ, ಮಾನಹಾನಿಯೂ ಅಲ್ಲ. ನೀವು ಹೇಳಿದ್ದು ಹೇಳಬಹುದಾದದ್ದೇ.

ಅಕ್ಕೋರು ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡರು. ಆ ಹೊತ್ತಿಗೆ ಶಾಲೆಯ ಕೋಣೆಗಳಲ್ಲಿ ಕಂಪ್ಯೂಟರುಗಳು ಬಂದು ಕೂತಿದ್ದವು. ಉಪ್ಪಲ್‌ನ ಕಟ್ಟಡ ಮುಗಿದು ಅರ್ಧ ಗುಡಿಸಲುಗಳು ಮಣಿಕೊಂಡದ ಕಡೆ ಹೋಗಿದ್ದವು. ಉಳಿದ ಮಕ್ಕಳಿಗೆ ಅಕ್ಕೋರು ತಮ್ಮ ಬಾಡಿಗೆ ಕೋಣೆಯಲ್ಲೇ ಪಾಠ ಹೇಳುತ್ತಿದ್ದರು. ಮನೆ ಮಾಲೀಕ ಗಲಾಟೆಯಾಗುತ್ತದೆಂದು ಅದನ್ನೂ ನಿಲ್ಲಿಸಿದ್ದ. ಓದಲು ಬರೆಯಲು ಆಗಷ್ಟೇ ಕಲಿತಿದ್ದ ಹುಡುಗಿಯರು ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಮತ್ತೆ ಮರಳಿನ ಗುಡ್ಡೆಗೆ ಹೋಗಿದ್ದರು.

‘ಸಾಲಿ ತಗೀರಿ ಅಂತ ಇದರಾಗ ಬರದಾರೇನ್ರಿ?’

‘ಇಲ್ಲ. ಅದು ಈ ಕೇಸಿನ ವಿಷಯ ಅಲ್ಲ.’

‘ಬ್ಯಾರೆ ಕೇಸು ಹಾಕಿದ್ರ?’

ಕಟ್ಟಡ ಸಂಘದ್ದು, ಶಾಲೆ ಸಂಘದ್ದು, ನಡೆಸುವುದು ಮುಚ್ಚುವುದು ಅವರ ಇಷ್ಟ. ನಾನು ಅದನ್ನು ಮೊದಲ ದಿನವೇ ಓದಿ ನೋಡಿದ್ದೆ. ಹೇಳಿರಲಿಲ್ಲ, ಅಷ್ಟೆ. ಈಗ ಹೇಳಿದೆ.

ಅವರು ತೀರ್ಪಿನ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆದರೂ ಪುಟ ತಿರುವಿ ತಿರುವಿ ನೋಡಿದರು, ಪರೀಕ್ಷೆಯ ಪೇಪರಿನಲ್ಲಿ ಮಗುವೊಂದು ಬಿಟ್ಟ ಉತ್ತರವನ್ನು ಹುಡುಕುವ ಹಾಗೆ.

‘ನಾ ಮಾತಾಡಬಹುದು ಅಂತ ಇಷ್ಟು ಬರದಾರ. ಅವರು ಕೇಳಬೇಕು ಅಂತ ಎಲ್ಲೂ ಬರದಿಲ್ಲೇನ್ರಿ?’

ಎಲ್ಲೂ ಬರೆದಿಲ್ಲ ಎಂದೆ.